ದಾರದ ಮಾತು ಕೇಳಿ

ಬೇಸಿಗೆಯ ಮಧ್ಯಾಹ್ನ ಯಂಕಂಚಿಯಂಥ ಊರಿನ ಎರೆಹೊಲಗಳ ಮೇಲೆ ಹದ್ದು ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರುವುದನ್ನು ನೋಡಿದ್ದೀರಲ್ಲ? ಎಂಜಿನ್ ಇಲ್ಲದ ವಿಮಾನವಾದ ಗ್ಲೈಡರ್ ಏರುವುದೂ ಅದೇ ಬಿಸಿಗಾಳಿಯ ಬಲದಿಂದ. ಪುಣೆಯ ಹಡಪ್ಸರದಂಥ ಕಡೆ ಹವ್ಯಾಸಕ್ಕೆಂದು ಗ್ಲೈಡರ್ ಹಾರಿಸಲು ಕಲಿಯಹೊರಟವರು, ಉಪಕರಣಗಳನ್ನಷ್ಟೇ ನಂಬಿ ಹಾರುವ ಉನ್ನತ ತರಬೇತಿಯೂ ಬೇಕೇ ಎಂದು ಕೇಳಬಹುದು.

ಪೂರ್ತಿ ಬೇಡ, ಅದರ ಪಾಠ ಮಾತ್ರ ಬೇಕು. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ಆ ತರಬೇತಿಯಿಲ್ಲದ 20 ಮಂದಿಯನ್ನು ಪರೀಕ್ಷಿಸಿತು. ಹೊರಗೇನೂ ಕಾಣದಂತಾದಾಗ ಸರಾಸರಿ 178 ಸೆಕೆಂಡಿನಲ್ಲಿ ಎಲ್ಲರ ಹಿಡಿತವೂ ತಪ್ಪಿತ್ತು! ಮೋಡದೊಳಗೆ ಒಳಕಿವಿ ಸುಳ್ಳು ಹೇಳುತ್ತದೆ: ವಾಲಿ ಸುತ್ತುತ್ತಿದ್ದರೂ ನೆಟ್ಟಗಿದ್ದೇವೆ ಅನಿಸುತ್ತದೆ. ಶಿಕ್ಷಕರ ಜೊತೆ ಸಿಮ್ಯುಲೇಟರಿನಲ್ಲಿ ಒಂದೆರಡು ತಾಸು ಕೂತು ಉಪಕರಣಗಳನ್ನಷ್ಟೇ ನಂಬಿ ಹಾರುವುದು ಎಷ್ಟು ಕಷ್ಟವೆಂದು ಅನುಭವಿಸಿ ನೋಡಿ. ಮೋಡ ಕಂಡರೆ ದೂರ ಸರಿಯುವ ಬುದ್ಧಿ ತಾನಾಗಿ ಬರುತ್ತದೆ.

ಉಳಿದ ಹಣ, ಸಮಯವನ್ನು ಗ್ಲೈಡರಿನ ಕಸುಬಿಗೇ ಇಡಿ. ಎದುರಿನ ಗಾಜಿಗೆ ಅಂಟಿಸಿದ ತುಂಡು ದಾರ ನಟ್ಟನಡುವೆ ಹಿಂದಕ್ಕೆ ಚಾಚಿದ್ದರೆ ಹಾರಾಟದಲ್ಲಿ ಜಾರಿಕೆಯಿಲ್ಲ. ಪಕ್ಕಕ್ಕೆ ಹೊರಳಿದರೆ ನೀವು ಜಾರುತ್ತಿದ್ದೀರಿ. ಗಾಳಿವೇಗದ ಮುಳ್ಳು ಗಮನಿಸಿ, ಇಳಿಯುವ ಹೊಲವನ್ನು ಎತ್ತರದಲ್ಲಿದ್ದಾಗಲೇ ಆರಿಸಿ. ಮಳೆ ಬಿದ್ದ ಎರೆಮಣ್ಣು ಚಕ್ರ ಹಿಡಿಯುತ್ತದೆ, ನೆನಪಿರಲಿ.