ಹೊಗೆಗೂಡಿನ ಮೇಲಣ ಕಲೆಗಳು

ಯಾಜಕಕಾಂಡದ 14ನೆಯ ಅಧ್ಯಾಯದಲ್ಲಿ ಮನೆಯ ಗೋಡೆಯ ಮೇಲೆ ಹಸುರಾಗಿ ಇಲ್ಲವೆ ಕೆಂಪಾಗಿ ತೋರುವ ಕಲೆಯ ವಿಷಯವಾದ ನಿಯಮವುಂಟು. ಯಾಜಕನು ಅದನ್ನು ಕಂಡ ಕೂಡಲೆ ಗೋಡೆಯನ್ನು ಕೆರೆಯಿಸುವದಿಲ್ಲ; ಮೊದಲು ಪರೀಕ್ಷಿಸಿ, ಮನೆಯನ್ನು ಏಳು ದಿನ ಮುಚ್ಚಿಸಿ, ತಿರಿಗಿ ಬಂದು ನೋಡಿದ ಮೇಲೆಯೇ ಮಾಡತಕ್ಕದ್ದನ್ನು ಹೇಳುತ್ತಾನೆ. ಇಟ್ಟಿಗೆಯ ಹೊಗೆಗೂಡನ್ನು ಶುಚಿಮಾಡುವವರಿಗೂ ಇದೇ ಪಾಠವು.

ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಅಂಥ ಕಾರ್ಖಾನೆಗಳ ಎತ್ತರವಾದ ಹೊಗೆಗೂಡಿಗೂ ಅಡಿಗೆಮನೆಯ ಚಿಕ್ಕ ಹೊಗೆಗೂಡಿಗೂ ಕಲೆಯ ಕಾರಣಗಳು ಹೆಚ್ಚುಕಡಿಮೆ ಒಂದೇ.

ಮೊದಲನೆಯದು, ಬಿಳಿ ಕಲೆ. ಇಟ್ಟಿಗೆಯೊಳಗೆ ಇಳಿದ ನೀರು ಅಲ್ಲಿಯ ಲವಣವನ್ನು ಕರಗಿಸಿ ಹೊರಗೆ ಬಂದು ಆರುವಾಗ, ಲವಣವು ಪುಡಿಯಾಗಿ ಗೋಡೆಯ ಮೇಲೆ ಉಳಿಯುತ್ತದೆ. ನೀರು ಚಿಮುಕಿಸಿದರೆ ಅದು ಕಾಣದೆ ಹೋಗಿ, ಆರಿದ ಮೇಲೆ ತಿರಿಗಿ ಕಾಣುವದು. ಆದಕಾರಣ ಒಣಹವೆಯಲ್ಲಿ ತೆಂಗಿನ ನಾರಿನ ಕುಂಚದಿಂದ ಅದನ್ನು ಗುಡಿಸಿ, ನೀರು ಇಳಿಯುವ ಬಿರುಕನ್ನೂ ಸಂದುಗಳನ್ನೂ ಗಾರೆಯಿಂದ ಮುಚ್ಚಬೇಕು.

ಎರಡನೆಯದು, ಬಿಸಿಲು ಬೀಳದ ಮಗ್ಗುಲಲ್ಲಿ ಬೆಳೆಯುವ ಪಾಚಿ. ಅದು ಒಣಗಿ ಕಪ್ಪಾದಾಗ ಮಸಿಯೆಂದು ತೋರೀತು. ಬ್ಲೀಚಿಂಗ್ ಪುಡಿಯ ನೀರನ್ನು ಒಂದು ತೊಟ್ಟು ಹಾಕಿದರೆ ಪಾಚಿಯು ಬಿಳಿಚಿಕೊಳ್ಳುವದು, ಮಸಿಯು ಹಾಗೆಯೇ ಇರುವದು. ಮೇಲೆ ಚಾಚಿದ ಕೊಂಬೆಯನ್ನು ಕಡಿದು ಗೋಡೆಯನ್ನು ಉಜ್ಜಿರಿ.

ಮೂರನೆಯದು, ಕಬ್ಬಿಣದ ಪಟ್ಟಿಯ ಕೆಳಗೆ ಇಳಿದ ತುಕ್ಕಿನ ಗೆರೆ. ಕಬ್ಬಿಣವನ್ನು ಕೆರೆದು ಬಣ್ಣ ಬಳಿಯದೆ ಗೋಡೆಯನ್ನು ಉಜ್ಜುವದು ವ್ಯರ್ಥವು.

ನಾಲ್ಕನೆಯದು, ಕರೀ ಕಲೆ. ತುದಿಯಲ್ಲಿ ಮಾತ್ರವಿರುವ ಮಸಿಯನ್ನು ಸಾಬೂನಿನ ನೀರಿನಿಂದ ತೊಳೆಯಬಹುದು. ಮೊದಲು ಗೋಡೆಯನ್ನು ಶುದ್ಧ ನೀರಿನಿಂದ ನೆನೆಸಿರಿ. ಇಲ್ಲವಾದರೆ ಇಟ್ಟಿಗೆಯು ಮಸಿನೀರನ್ನು ಹೀರುವದು. ಆದರೆ ನಡುಗೋಡೆಯ ಸಂದುಗಳಿಂದ ಜಿಡ್ಡಾದ ಕಂದುನೀರು ಒಸರಿದ್ದರೆ ಜಾಗ್ರತೆ! ಹಸಿ ಸೌದೆಯ ಹೊಗೆಯು ಒಳಗೆ ತಣ್ಣಗಾಗಿ ಡಾಂಬರಿನಂತೆ ಅಂಟಿಕೊಂಡಿರುತ್ತದೆ. ಅದಕ್ಕೆ ಬೆಂಕಿ ಹತ್ತಿದರೆ ಮಾಡಿಗೂ ಮನೆಯವರ ಪ್ರಾಣಕ್ಕೂ ಅಪಾಯವು. ಒಳಗನ್ನು ಗುಡಿಸಿ ಬಿರುಕು ಮುಚ್ಚುವ ತನಕ ಒಲೆ ಹಚ್ಚಬೇಡಿರಿ. ಮುಂದೆ ಒಣ ಸೌದೆಯನ್ನೇ ಉರಿಸಿರಿ.

ಯಾವದನ್ನು ಪ್ರಯೋಗಿಸುವದಾದರೂ ಮೊದಲು ಅಂಗೈಯಗಲದ ಸ್ಥಳದಲ್ಲಿ ನೋಡಿರಿ. ಕಬ್ಬಿಣದ ಕುಂಚವು ಇಟ್ಟಿಗೆಯ ಗಟ್ಟಿಯಾದ ಹೊರಮೈಯನ್ನು ಕೆಡಿಸುವದು. ಆಮ್ಲವು ಸುಣ್ಣದ ಗಾರೆಯನ್ನು ತಿನ್ನುವದು. ಬ್ಲೀಚಿಂಗ್ ಪುಡಿಯನ್ನು ಆಮ್ಲದೊಡನೆ ಎಂದಿಗೂ ಬೆರಸಬಾರದು. ಯಾಕಂದರೆ ವಿಷವಾಯು ಹುಟ್ಟುವದು.

ಕೆಲವರು ಕಲೆಯ ಮೇಲೆ ಸುಣ್ಣ ಬಳಿದು ತೃಪ್ತರಾಗುತ್ತಾರೆ; ಮಳೆಗಾಲ ಕಳೆದ ಮೇಲೆ ಕಲೆಯು ಸುಣ್ಣವನ್ನು ಸೀಳಿ ಹೊರಬರುವದು. ಸುಣ್ಣ ಬಳಿದ ಸಮಾಧಿಗಳನ್ನು ಕುರಿತು ಎಚ್ಚರಿಸಿದ ನಮ್ಮ ಕರ್ತನು, ಪಾತ್ರೆಯ ಒಳಗನ್ನು ಮೊದಲು ಶುಚಿಮಾಡಬೇಕೆಂದು ಕಲಿಸಿದನು (ಮತ್ತಾಯ 23). ನಾವೂ ನಮ್ಮ ಕೋಪವನ್ನೂ ಸುಳ್ಳನ್ನೂ ಆದಿತ್ಯವಾರದ ಬಟ್ಟೆಯಿಂದ ಮುಚ್ಚದೆ, ಅವು ಒಸರುವ ಬಿರುಕು ಎಲ್ಲಿದೆಯೆಂದು ಆತನ ಮುಂದೆ ಶೋಧಿಸಿಕೊಳ್ಳೋಣ.