ಭೀಮ ಲಡ್ಡು ಮೊದಲೇ ಯಾಕೆ ತಿನ್ನುವುದಿಲ್ಲ?

ಪ್ರಶ್ನೆ: ನಮ್ಮ ಮೊಮ್ಮಗ ದಿನಾ ಛೋಟಾ ಭೀಮ್ ನೋಡತಾನ್ರೀ, ನಾನೂ ಬಾಜೂಕ ಕುಂತಿರ್ತೀನಿ. ಲಡ್ಡು ತಿಂದ ಮ್ಯಾಲ ಗೆಲ್ಲೂದು ಖರೇ ಅಂದ್ರ ಆ ಭೀಮ ಮೊದಲ ಯಾಕ ತಿನ್ನೂದಿಲ್ಲ? ಇಷ್ಟ ವರ್ಷ ಆದ್ರೂ ಅವ ದೊಡ್ಡಾವ ಯಾಕ ಆಗವಲ್ಲ? ಬರಿಯೋರಿಗೆ ಬ್ಯಾರೆ ಕಥಿ ಹೊಳಿಯೂದಿಲ್ಲೇನು?
ಓದುಗರೊಬ್ಬರು, ಭೂತನಾಳ, ವಿಜಯಪುರ

ಉತ್ತರ: ಮಗುವಿನ ಜೊತೆ ಕೂತು ಪೂರ್ತಿ ನೋಡಿದವರಿಗಷ್ಟೇ ಬರುವ ಪ್ರಶ್ನೆ ಇದು. ಬೇರೆ ಕಥೆ ಹೊಳೆಯುವುದಿಲ್ಲ ಎಂದಲ್ಲ. ಮಹಾಶಕ್ತಿಯ ನಾಯಕನಿರುವ ಅನಿಮೇಷನ್ ಧಾರಾವಾಹಿಗೆ ಅದರದೇ ಕಟ್ಟುಪಾಡುಗಳಿವೆ. ಅವುಗಳಲ್ಲಿ ಕೆಲವು ಖರ್ಚು ಉಳಿಸಲು ಬಂದವು, ಕೆಲವು ವಾಹಿನಿಯ ಅನುಕೂಲಕ್ಕೆ. ಇನ್ನು ಕೆಲವು ಟಿವಿ ಹುಟ್ಟುವ ಎಷ್ಟೋ ಮೊದಲೇ ನಿಮ್ಮ ಕಡೆಯ ಆಟದ ಅಟ್ಟದ ಮೇಲೆ ಇದ್ದವು.

ಲಡ್ಡುವಿನಿಂದಲೇ ಶುರು ಮಾಡೋಣ. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯ ರಾಜೀವ್ ಚಿಲಕ ರೂಪಿಸಿದ ಈ ಭೀಮ 2008ರಲ್ಲಿ ಪೋಗೋ ವಾಹಿನಿಗೆ ಬಂದ. ಒಂದು ಕಥೆಗೆ ಸಿಗುವುದು ಸುಮಾರು 11 ನಿಮಿಷ. ಅಷ್ಟರೊಳಗೆ ಭೀಮನ ಊರಾದ ಢೋಲಕ್‌ಪುರಕ್ಕೆ ಕಷ್ಟ ಬರಬೇಕು, ಅವನ ಎದುರಾಳಿ ಹುಡುಗ ಕಾಲಿಯಾ ಜಂಬ ಕೊಚ್ಚಿ ಪೆಟ್ಟು ತಿನ್ನಬೇಕು, ಭೀಮ ಒಂದು ಸಲವಾದರೂ ನೆಲಕ್ಕೆ ಬೀಳಬೇಕು. ಆಮೇಲಷ್ಟೇ ಗೆಳತಿ ಚುಟ್ಕಿಯ ಕೈಯಿಂದ ಲಡ್ಡು ಹಾರಿ ಬರಬೇಕು. ಮೊದಲೇ ತಿಂದರೆ ಎರಡನೇ ನಿಮಿಷಕ್ಕೆ ಮಂಗಳ ಹಾಡಬೇಕಾಗುತ್ತದೆ. ಲಡ್ಡು ಇರುವುದು ಭೀಮನ ತೋಳಿಗಾಗಿ ಎನ್ನುವುದಕ್ಕಿಂತ, ನಿಮ್ಮ ಮೊಮ್ಮಗ ಉಸಿರು ಬಿಗಿಹಿಡಿದು ಕಾಯಲಿ ಎಂದು. 1933ರಿಂದ ತೆರೆಯ ಮೇಲಿರುವ ಕಾರ್ಟೂನ್ ನಾಯಕ ಪಾಪೈ ಕೂಡ ಪಾಲಕ್ ಡಬ್ಬಿ ಒಡೆಯುವುದು ಚೆನ್ನಾಗಿ ಒದೆ ತಿಂದ ಮೇಲೆಯೇ. ಮೋಟು ಪತ್ಲುವಿನ ಸಮೋಸಾ ಕೂಡ ಇದೇ ವಂಶದ್ದು.

ಖರ್ಚಿನ ಕಥೆ ಬೇರೆ. ಸಿನಿಮಾದ ಒಂದು ಸೆಕೆಂಡಿಗೆ 24 ಚಿತ್ರ. ಒಂದೊಂದನ್ನು ಎರಡೆರಡು ಸಲ ಹಿಡಿದು ತೋರಿಸಿದರೂ ಸೆಕೆಂಡಿಗೆ 12 ಬರೆಯಬೇಕು, ನಿಮಿಷಕ್ಕೆ 720. ಹಾಗಾಗಿ 1983ರಲ್ಲಿ ಅಮೆರಿಕದ ಫಿಲ್ಮೇಷನ್ ಸಂಸ್ಥೆ ‘ಹೀ-ಮ್ಯಾನ್’ ಮಾಡಿದಾಗ, ರಾಜಕುಮಾರ ಆಡಂ ಕತ್ತಿ ಎತ್ತಿ ಮಹಾವೀರನಾಗುವ ದೃಶ್ಯವನ್ನು ಒಮ್ಮೆ ಬರೆದು ಕಂತಿನಿಂದ ಕಂತಿಗೆ ಅದನ್ನೇ ಓಡಿಸಿತು. ಉಳಿತಾಯಕ್ಕೆ ಮಾಡಿದ್ದನ್ನು ಮಕ್ಕಳು ಹಬ್ಬ ಮಾಡಿಕೊಂಡರು. ಆ ದೃಶ್ಯ ಬರದಿದ್ದರೆ ಆ ದಿನದ ಕಥೆಯೇ ಸಪ್ಪೆ.

ಇದರಲ್ಲಿ ನನಗೇನೂ ಅಚ್ಚರಿಯಿಲ್ಲ. ನಿಮ್ಮ ಕಡೆಯ ದೊಡ್ಡಾಟ ನೋಡಿದ್ದರೆ ನಿಮಗೂ ಇರಲಾರದು. ಕಿರೀಟ, ಭುಜಕೀರ್ತಿ ತೊಟ್ಟ ವೇಷ ರಂಗಕ್ಕೆ ಬರುತ್ತದೆ, ಕುಣಿಯುತ್ತದೆ, ಸಾರಥಿ ಎದುರು ನಿಂತು ‘ತಾವ್ಯಾರು?’ ಎಂದು ವಿಚಾರಿಸುತ್ತಾನೆ. ಬಂದವನು ಯಾರೆಂದು ಕಂಬಳಿ ಹೊದ್ದು ಕೂತ ಕೂಸಿಗೂ ಗೊತ್ತು. ಆದರೂ ಆ ಪಾತ್ರ ತನ್ನ ಕುಲ, ಶೌರ್ಯ, ಬಿರುದು ಎಲ್ಲವನ್ನೂ ಏರುದನಿಯಲ್ಲಿ ಹೇಳಲೇಬೇಕು, ನಾವು ಕೇಳಲೇಬೇಕು. ಗೊತ್ತಿರುವುದು ಗೊತ್ತಿರುವ ಹಾಗೆಯೇ ಬಂದಾಗ ಸಿಗುವ ಖುಷಿಯನ್ನು ಹಗುರವಾಗಿ ಕಾಣಬಾರದು.

ಭೀಮ 9 ವರ್ಷದಲ್ಲೇ ನಿಂತಿರುವುದಕ್ಕೆ ಕಾರಣ ಸರಳ. ಇಂಥ ಕಂತುಗಳನ್ನು ವಾಹಿನಿಗಳು ಹಿಂದುಮುಂದು ಮಾಡಿ, ಮತ್ತೆ ಮತ್ತೆ ಹಾಕುತ್ತಿರುತ್ತವೆ. ಯಾವ ದಿನ ಯಾವ ಮಗು ಟಿವಿ ಹಚ್ಚಿದರೂ ಕಥೆ ತಿಳಿಯಬೇಕು. ಆದ್ದರಿಂದ ಪ್ರತಿ ಕಂತಿನ ಕೊನೆಗೆ ಊರು ಮೊದಲಿನಂತಾಗುತ್ತದೆ. ಈ ಕಟ್ಟನ್ನು ಮುರಿದವರೂ ಇದ್ದಾರೆ. 2010ರಲ್ಲಿ ಶುರುವಾದ ‘ಯಂಗ್ ಜಸ್ಟಿಸ್’ ಧಾರಾವಾಹಿ ಪರದೆಯ ಮೇಲೆ ಊರು, ತಾರೀಖು, ಹೊತ್ತು ಬರೆದು ತೋರಿಸುತ್ತಿತ್ತು. ಎರಡನೇ ಸರಣಿಗೆ ಬರುವಾಗ ಒಮ್ಮೆಲೇ ಐದು ವರ್ಷ ದಾಟಿತು. ಮೊದಲ ಸರಣಿಯಲ್ಲಿ ಪುಟ್ಟ ರಾಬಿನ್ ಆಗಿದ್ದ ಹುಡುಗ ಅಲ್ಲಿ ಬೆಳೆದು ಹೊಸ ಹೆಸರಿನ ವೀರ ನೈಟ್‌ವಿಂಗ್ ಆಗಿದ್ದಾನೆ. ಆದರೆ ಅಂಥದ್ದನ್ನು ಒಂದೂ ಬಿಡದೆ ಸಾಲಾಗಿ ನೋಡಬೇಕು. ಪುಟ್ಟ ಮಕ್ಕಳಿಂದ ಅದು ಆಗದ ಮಾತು.

ಹಾಗಾದರೆ ಒಂದೇ ಅಚ್ಚಿನ ಕಥೆಗಳಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು? ನಾನು ನಾಯಕನನ್ನು ಬಿಟ್ಟು ಎದುರಾಳಿಯನ್ನು ನೋಡುತ್ತೇನೆ. 1992ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ‘ಬ್ಯಾಟ್‌ಮ್ಯಾನ್: ದಿ ಅನಿಮೇಟೆಡ್ ಸೀರೀಸ್’ ಶುರುವಾಯಿತು. ಅದರ ಹಿನ್ನೆಲೆ ಚಿತ್ರಗಳನ್ನು ಕಪ್ಪು ಕಾಗದದ ಮೇಲೆ ಬರೆದರು. ಅದಕ್ಕೇ ಕಥೆ ನಡೆಯುವ ಊರಿನಲ್ಲಿ ಬೆಳಕು ಎಲ್ಲಿ ಬಿದ್ದರೂ ಕತ್ತಲನ್ನು ಸರಿಸಿಕೊಂಡು ಬಂದಂತೆ ಕಾಣುತ್ತದೆ. ಅದರಲ್ಲಿ ಪಾಲ್ ಡೀನಿ ಬರೆದ ‘ಹಾರ್ಟ್ ಆಫ್ ಐಸ್’ ಎಂಬ ಒಂದು ಕಂತಿದೆ. ಮಿಸ್ಟರ್ ಫ್ರೀಜ್ ಅಲ್ಲಿಯವರೆಗೆ ಹಿಮದ ಬಂದೂಕು ಹಿಡಿದ ಒಬ್ಬ ಸಾದಾ ಖಳ. ಡೀನಿ ಅವನಿಗೆ ರೋಗಿಷ್ಠ ಹೆಂಡತಿಯನ್ನು ಕೊಟ್ಟರು. ಮದ್ದು ಸಿಗುವವರೆಗೆ ಅವಳ ದೇಹವನ್ನು ಯಂತ್ರವೊಂದರಲ್ಲಿ ಹಿಮಗಟ್ಟಿಸಿ ಕಾದಿಟ್ಟಿದ್ದಾನೆ. ಖರ್ಚು ಹೆಚ್ಚಾಯಿತೆಂದು ಅವನು ಕೆಲಸ ಮಾಡುವ ಕಂಪನಿಯ ಧಣಿ ಆ ಯಂತ್ರವನ್ನೇ ನಿಲ್ಲಿಸಲು ಬರುತ್ತಾನೆ. ಕೊನೆಗೆ ಬ್ಯಾಟ್‌ಮ್ಯಾನ್ ಗೆಲ್ಲುತ್ತಾನೆ, ಕಟ್ಟುಪಾಡು ಒಂದೂ ತಪ್ಪುವುದಿಲ್ಲ. ಆದರೆ ಕಂತು ಮುಗಿಯುವುದು ಸೆರೆಕೋಣೆಯಲ್ಲಿ. ಗಾಜಿನ ಗೋಲದೊಳಗಿನ ಪುಟ್ಟ ನರ್ತಕಿಯ ಗೊಂಬೆಯನ್ನು ಕೈಯಲ್ಲಿ ಹಿಡಿದು ಫ್ರೀಜ್ ಹೆಂಡತಿಯ ಕ್ಷಮೆ ಕೇಳುತ್ತಾನೆ. ಆ ಬರವಣಿಗೆಗೆ ಎಮ್ಮಿ ಪ್ರಶಸ್ತಿ ಬಂತು.

ಎದುರಾಳಿಗೂ ಸಂಕಟ ಕೊಡುವ ಈ ಕೆಲಸವನ್ನು ಸಾವಿರ ವರ್ಷದ ಹಿಂದೆಯೇ ಮಾಡಿದವನು ನಿಮ್ಮ ನೆರೆಯವನು. 1997ರವರೆಗೆ ನಿಮ್ಮ ಜಿಲ್ಲೆಯಲ್ಲೇ ಇದ್ದ ಮುಧೋಳದ ಕವಿ ರನ್ನ. ಅವನ ‘ಗದಾಯುದ್ಧ’ದ ನಾಯಕನೂ ಭೀಮನೇ. ಭೀಮ ಗೆಲ್ಲುತ್ತಾನೆಂದು ಕೇಳುವವರಿಗೆಲ್ಲ ಗೊತ್ತು. ಮುಗಿಯುತ್ತ ಬಂದ ಯುದ್ಧದಲ್ಲಿ ನಿಂತು, ರನ್ನ ಹಿಂದಿನ ಭಾರತವನ್ನೆಲ್ಲ ಸಿಂಹಾವಲೋಕನ ಕ್ರಮದಲ್ಲಿ ತಿರುಗಿ ನೋಡಿ ಹೇಳುತ್ತಾನೆ. ಇಂದಿನ ಧಾರಾವಾಹಿಗಳು ‘ಹಿಂದಿನ ಕಂತಿನಲ್ಲಿ’ ಎಂದು ತೋರಿಸುವುದರ ದೊಡ್ಡ ರೂಪ ಅದು. ಇಷ್ಟಾಗಿಯೂ ನಮ್ಮನ್ನು ಅಲುಗಾಡಿಸುವುದು ದುರ್ಯೋಧನ. ಸಂಜಯನ ಜೊತೆ ಹೆಣಗಳ ನಡುವೆ ನಡೆಯುತ್ತ ಅವನು ದ್ರೋಣನನ್ನು ಕಾಣುತ್ತಾನೆ, ದುಶ್ಶಾಸನನನ್ನು ಕಾಣುತ್ತಾನೆ, ಕರ್ಣನ ಮುಂದೆ ಕುಸಿಯುತ್ತಾನೆ. ವೈರಿಯ ಮಗ ಅಭಿಮನ್ಯುವಿನ ಮುಂದೆ ನಿಂತು ಅವನ ಶೌರ್ಯಕ್ಕೆ ಕೈಮುಗಿಯುತ್ತಾನೆ. ಮುಂದೆ ಅವನು ವೈಶಂಪಾಯನ ಸರೋವರದಲ್ಲಿ ಅಡಗಿ, ಭೀಮನ ಗರ್ಜನೆಗೆ ಎದ್ದು ಬರುವಾಗ, ಬೀಳಲಿರುವವನು ಎಂಥವನು ಎಂದು ನಮಗೆ ತಿಳಿದಿರುತ್ತದೆ.

ಢೋಲಕ್‌ಪುರಕ್ಕೆ ನುಗ್ಗುವ ಡಕಾಯಿತರಿಗೆ ಇಂಥ ಸಂಕಟವನ್ನು ಯಾರೂ ಕೊಟ್ಟಿಲ್ಲ. ಲಡ್ಡುವಿಗಿಂತ ನನಗೆ ಕೊರತೆಯೆನಿಸುವುದು ಅದೇ. ಅವರು ಬರುತ್ತಾರೆ, ಒದೆ ತಿಂದು ಹೋಗುತ್ತಾರೆ, ಯಾಕೆ ಬಂದರೆಂದು ಯಾರೂ ಕೇಳುವುದಿಲ್ಲ. ಮೊಮ್ಮಗನಿಗೆ ಆ ಕಾರ್ಯಕ್ರಮ ಬಿಡಿಸುವುದು ಬೇಡ, ಅವನ ಖುಷಿ ನಿಜವಾದದ್ದು. ಟಿವಿ ಆರಿಸಿದ ಮೇಲೆ ಗದೆಯ ಈ ಇನ್ನೊಬ್ಬ ಭೀಮನ ಕಥೆಯನ್ನು ನೀವೇ ಹೇಳಿ. ಅಭಿಮನ್ಯುವಿನ ಹೆಣದ ಮುಂದೆ ದುರ್ಯೋಧನ ಕೈಮುಗಿಯುವಲ್ಲಿಗೆ ಬಂದಾಗ ಮೊಮ್ಮಗ ನಿಮ್ಮನ್ನು ತಡೆದು ‘ಯಾಕ?’ ಎಂದು ಕೇಳಿದರೆ, ಅವಸರ ಮಾಡದೆ ಉತ್ತರ ಕೊಡಿ.