ಅಕೇಶಿಯಾದ ಹರವು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮುರಕಲ್ಲಿನ ಗುಡ್ಡಗಳಲ್ಲಿ ಅಕೇಶಿಯಾ ಮರಗಳನ್ನು ನೀವು ಕಂಡಿರಬಹುದು. ಇದರ ತವರು ಆಸ್ಟ್ರೇಲಿಯಾ ಮತ್ತು ನ್ಯೂಗಿನಿ. ಬೋಳುಗುಡ್ಡಗಳನ್ನು ಹಸಿರಾಗಿಸಲು, ಸೌದೆಯನ್ನು ಪಡೆಯಲು ಮಾನವನೇ ಇದನ್ನು ಇಲ್ಲಿ ನೆಟ್ಟನು.

ಇದರ ಎಲೆಯೆಂದು ತೋರುವುದು ವಾಸ್ತವವಾಗಿ ಚಪ್ಪಟೆಯಾದ ಎಲೆತೊಟ್ಟು. ಅದು ಬರವನ್ನು ತಾಳಬಲ್ಲುದು. ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಒದಗಿಸುವುದರಿಂದ ಮರವು ಬಡಮಣ್ಣಿನಲ್ಲಿಯೂ ಬೆಳೆಯುತ್ತದೆ. ಬೀಜಕ್ಕಂಟಿದ ಕಿತ್ತಳೆಬಣ್ಣದ ಎಳೆಗೆ ಮನಸೋತ ಹಕ್ಕಿಗಳು ಬೀಜವನ್ನು ದೂರಕ್ಕೊಯ್ಯುತ್ತವೆ. ತವರಿನಲ್ಲಿ ವಿಕಾಸದಿಂದ ಮೈಗೂಡಿದ ಈ ಗುಣಗಳೇ ಪರನಾಡಿನಲ್ಲಿ ಹರಡಲು ನೆರವಾದವು.

ವಿಕಾಸವು ಅಲ್ಲಿಗೇ ನಿಲ್ಲುವುದಿಲ್ಲ. ಹೊಸ ನೆಲಕ್ಕೆ ಚೆನ್ನಾಗಿ ಒಗ್ಗಿದ ಸಸಿಗಳೇ ಹೆಚ್ಚು ಸಂತಾನವನ್ನು ಉಳಿಸುತ್ತವೆ. ಅವು ಹಬ್ಬಿದಂತೆ ನಮ್ಮ ನೇರಳೆ, ಕೇಪಳಗಳ ನೆಲೆ ಕಿರಿದಾಗುತ್ತದೆ. ಆದುದರಿಂದ ಪರದೇಶದ ಮರವನ್ನು ನೆಡುವ ಮುನ್ನ ಅದರ ಸ್ವಭಾವವನ್ನು ಅರಿಯುವುದು ವಿವೇಕ.